ದಾರಿಯಲ್ಲಿ ಹತ್ತಿದವಳು

ಬಸ್ಸು ಶಹಾಪುರ ದಾಟಿ, ಕಾಲುವೆಯ ನೀರು ಕಿಟಕಿಯಲ್ಲಿ ಒಮ್ಮೆ ಹೊಳೆದು ಹಿಂದೆ ಸರಿದರೂ ಗುರುದೇವಿಗೆ ಮಡಿಲಲ್ಲಿದ್ದ ಹಾಳೆಯ ಮೂರನೆಯ ಸಾಲು ಬಾಯಿಗೆ ಹತ್ತಿರಲಿಲ್ಲ. ಮೊದಲಿನ ಎರಡು ಸಾಲು ಸರಾಗವಾಗಿದ್ದವು. ಗುರುದೇವಿ ವಿಶ್ವಾರಾಧ್ಯ ಎಂಬ ನಾನು, ಶಹಾಪುರದ ನಿವಾಸಿ, ಸುರಪುರದ ಭಗಿನಿಯರ ಸೇವಾಕೇಂದ್ರದಲ್ಲಿ ಹದಿನೆಂಟು ವರ್ಷಗಳಿಂದ ದುಡಿಯುತ್ತಿರುವವಳು. ಅಲ್ಲಿಯವರೆಗೆ ಎಲ್ಲ ನಿಜ. ಮೂರನೆಯ ಸಾಲಿಗೆ ಬಂದಾಗ ಮಾತ್ರ ನಾಲಗೆ ಒಣಗುತ್ತಿತ್ತು: 'ಸುಖದಲ್ಲಿಯೂ ಸಂಕಟದಲ್ಲಿಯೂ ಭಗಿನಿಯರ ಪಕ್ಕದಲ್ಲಿ ನಿಲ್ಲುವ ಸಮಾನ ಸಹಭಾಗಿಯೆಂದು ಎಲ್ಲರೆದುರು ವಚನ ಕೊಡುತ್ತೇನೆ.' ಬೆಂಗಳೂರಿನಿಂದ ಮೊಬೈಲಿಗೆ ಬಂದದ್ದನ್ನು ಅವಳು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡಿದ್ದಳು. ಸಹಭಾಗಿ ಎಂಬ ಮಾತು ಹೊಸದು. ಮೊದಲು ಅವಳನ್ನೂ ಅವಳಂಥವರನ್ನೂ ಸ್ಟಾಫ್ ಎನ್ನುತ್ತಿದ್ದರು, ಆಮೇಲೆ ಕಾರ್ಯಕರ್ತೆಯರಾದರು. ಕ್ರೈಸ್ತ ಭಗಿನಿಯರ ಮಠಕ್ಕೆ ಹೊಸದಾಗಿ ಸೇರುವ ಹುಡುಗಿಯರು ಕಡಿಮೆಯಾಗಿ, ಇದ್ದ ಸಿಸ್ಟರುಗಳ ಮಂಡಿ ಸವೆದು, ಸುರಪುರದ ಮನೆ ಮುಚ್ಚುವುದೆಂದು ತೀರ್ಮಾನವಾದ ವರ್ಷ ಒಮ್ಮೆಲೇ ಸಹಭಾಗಿಗಳಾದರು. ಇಂದು ಹನ್ನೊಂದು ಗಂಟೆಗೆ ಪ್ರಾಂತ್ಯದ ಮಠಗಳ ಮುಖ್ಯಸ್ಥೆ ಮದರ್ ಬಂದು ಕುಷ್ಠರೋಗಿಗಳ ಕೆಲಸವನ್ನೆಲ್ಲ ಇವಳ ಕೈಗೆ ಒಪ್ಪಿಸುವವರಿದ್ದರು. ಇವಳ ಹೆಸರು ಸೂಚಿಸಿದವರು ಸಿಸ್ಟರ್ ಸೆವ್ರಿನ್. ಅದೇ ಅವಳನ್ನು ಎರಡು ವಾರದಿಂದ ತಿನ್ನುತ್ತಿತ್ತು. ಬೇರೆ ಯಾರು ಸೂಚಿಸಿದ್ದರೂ ನಡೆಯುತ್ತಿತ್ತು. ಬೆಳಿಗ್ಗೆ ಹೊರಡುವಾಗ ಗಂಡ ವಿಶ್ವಾರಾಧ್ಯ ಅಂಗಡಿಯ ಬೀಗದ ಗೊಂಚಲು ಹುಡುಕುತ್ತ, "ಇವತ್ತ ನಿನಗ ಏನ್ ಮಾಡ್ತಾರಂತ? ಶಾಲು ಹೊದಸ್ತಾರೇನು?" ಎಂದು ಕೇಳಿದ್ದ. ಚೇಷ್ಟೆಯೋ ನಿಜವಾಗಿ ಕೇಳಿದ್ದೋ ತಿಳಿಯಲಿಲ್ಲ. ಅವಳು ರೇಷ್ಮೆ ಸೀರೆ ತೆಗೆದು ಮತ್ತೆ ಒಳಗಿಟ್ಟು, ದಿನಾ ಉಡುವ ನೂಲಿನದನ್ನೇ ಉಟ್ಟು ಬಂದಿದ್ದಳು. ಈಗ ಬಸ್ಸಿನಲ್ಲಿ ಅದೂ ತಪ್ಪೆನಿಸುತ್ತಿತ್ತು. ಸಾದಾ ಸೀರೆ ಉಟ್ಟು ಬಂದದ್ದನ್ನು ಯಾರಾದರೂ ನೋಡಲಿ ಎಂಬ ಆಸೆ ಅದರ ಅಂಚಿನಲ್ಲಿಯೇ ಇದ್ದಂತಿತ್ತು.

ಹದಿನೆಂಟು ವರ್ಷದ ಹಿಂದೆ ಸಿಸ್ಟರ್ ಸೆವ್ರಿನ್ ಗುರುದೇವಿಯ ಗಂಡನ ಅಂಗಡಿಗೆ ಬಂದದ್ದು ರಬ್ಬರ್ ಹಾಳೆ ಕೇಳಿಕೊಂಡು. ರೋಗಿಗಳಿಗೆ ಮೆತ್ತನೆಯ ಚಪ್ಪಲಿ ಮಾಡಬೇಕಿತ್ತು. ಬೂದು ಬಣ್ಣದ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ಮಂಗಳೂರು ಕಡೆಯ ಪುಸ್ತಕದಂಥ ಕನ್ನಡ. ಗಲ್ಲಾದ ಮೇಲೆ ಕೂತಿದ್ದ ಗುರುದೇವಿಯನ್ನು ನೋಡಿ, ನೀವು ಎಷ್ಟು ಓದಿದ್ದೀರಿ ಎಂದು ಕೇಳಿದ್ದರು. ಆ ಊರಲ್ಲಿ ಆವರೆಗೆ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮಕ್ಕಳೆಷ್ಟು ಎಂದು ಕೇಳುತ್ತಿದ್ದರು, ಇಲ್ಲ ಎಂದಾಗ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ಪಿಯುಸಿ ಎಂದಳು. ಹಾಗಾದರೆ ನಮ್ಮ ಜೊತೆ ಹಳ್ಳಿಗೆ ಬನ್ನಿ, ಇಲ್ಲಿಯವರ ಮಾತು ನನ್ನ ಕಿವಿಗೆ ಇನ್ನೂ ಸರಿಯಾಗಿ ಬೀಳುವುದಿಲ್ಲ ಎಂದರು. ಕೊಂಕಲ್‌ನಲ್ಲಿ ಮೊದಲ ದಿನ ಒಬ್ಬ ಮುದುಕನ ಅಂಗಾಲಿನ ಹುಣ್ಣು ಬಿಚ್ಚಿದಾಗ ಅವಳು ಎದ್ದು ಹೋಗಿ ಗೋಡೆಯ ಹಿಂದೆ ವಾಂತಿ ಮಾಡಿಕೊಂಡಳು. ಸಿಸ್ಟರ್ ಏನೂ ಅನ್ನದೆ ಬಾಯಿ ತೊಳೆಯಲು ನೀರು ಕೊಟ್ಟು, ಬೋಗುಣಿ ಹಿಡಿದುಕೊಳ್ಳಲು ಹೇಳಿದರು. ಆರು ತಿಂಗಳಲ್ಲಿ ಬ್ಲೇಡು ಹಿಡಿದು ಸತ್ತ ಚರ್ಮ ಕೆರೆದು ತೆಗೆಯುವುದನ್ನು ಅವಳ ಕೈ ಕಲಿಯಿತು. ಕಲಿಯದಿದ್ದದ್ದು ಮನೆ. ಸಿಸ್ಟರ್ ಮನೆಗೆ ಬಂದಾಗ ಅತ್ತೆ ಒಂದು ಸ್ಟೀಲು ಲೋಟದಲ್ಲಿ ಚಹಾ ಕೊಡಿಸುತ್ತಿದ್ದಳು, ಆ ಲೋಟ ಪಡಸಾಲೆಯ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಸಿಸ್ಟರ್ ಚಹಾ ಕುಡಿದು, ಹಿತ್ತಿಲ ನಲ್ಲಿಯಲ್ಲಿ ಲೋಟ ತೊಳೆದು, ತಾವೇ ತಂದು ಅದೇ ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ಯಾವ ಗೂಡೆಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಗುರುದೇವಿ ಒಂದು ದಿನವೂ ಆ ಲೋಟದ ಬಗ್ಗೆ ಅತ್ತೆಯ ಹತ್ತಿರ ಮಾತಾಡಲಿಲ್ಲ, ಸಿಸ್ಟರಿಗೂ ಹೇಳಲಿಲ್ಲ. ಸುರಪುರದಲ್ಲಿಯೂ ಒಂದು ಬಾಗಿಲಿತ್ತು. ಹೊರಗಿನವರು ಅದನ್ನು ದಾಟುವಂತಿರಲಿಲ್ಲ. ಮಧ್ಯಾಹ್ನ ಸಿಸ್ಟರುಗಳು ಒಳಗೆ ಉದ್ದನೆಯ ಮೇಜಿಗೆ ಹೋಗಿ ಉಣ್ಣುತ್ತಿದ್ದರು, ಇವಳು ವರಾಂಡದಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಆ ಬಾಗಿಲನ್ನು ಅವಳು ಗೂಡಿನ ಲೋಟಕ್ಕೆ ಜಮಾ ಮಾಡಿ, ಎರಡೂ ಕಡೆ ಸರಿಯಾಯಿತೆಂದು ಬಹಳ ವರ್ಷ ನೆಮ್ಮದಿಯಾಗಿದ್ದಳು.

ಕಂಡಕ್ಟರ್ ಹತ್ತಿಗುಡೂರು ಕೂಗಿದ. ಹಿಂದಿನ ಸೀಟಿನ ಹುಡುಗರು ಇಳಿದರು. ಅವರಲ್ಲಿ ಒಬ್ಬನ ಕುತ್ತಿಗೆಯ ಸುತ್ತ ಟವೆಲ್ಲು ಇತ್ತು. ಬರೀ ಟವೆಲ್ಲು, ಕೇಸರಿ ಶಾಲಲ್ಲ. ಆದರೂ ಗುರುದೇವಿಯ ಕೈ ತಾನಾಗಿ ಎದೆಯ ಮೇಲೆ, ಕುಪ್ಪಸದ ಒಳಗೆ ಇಷ್ಟಲಿಂಗದ ಕರಡಿಗೆ ಇರುವಲ್ಲಿ ಹೋಯಿತು. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೂರನೇ ದಿನ, ಕೆಂಚನಹಾಳದ ಊರಬಾಗಿಲಾದ ಅಗಸಿಯ ಮುಂದೆ, ಅವಳೂ ಸಿಸ್ಟರೂ ಕೂತಿದ್ದ ಸೇವಾಕೇಂದ್ರದ ಜೀಪನ್ನು ನಿಲ್ಲಿಸಿದವರೂ ಇಷ್ಟೇ ವಯಸ್ಸಿನವರು. ಏಳೆಂಟು ಜನ. ಅವರಲ್ಲಿ ಬೈದವರಿಲ್ಲ, ಕಲ್ಲು ಹಿಡಿದವರೂ ಇರಲಿಲ್ಲ. ಒಬ್ಬ ಕಿಟಕಿಗೆ ಮೊಣಕೈ ಊರಿ, ಯಾಕ ಬಂದೀರಿ, ಎಷ್ಟ ಮಂದಿನ್ನ ನಿಮ್ಮ ದೇವರಿಗೆ ಸೇರಿಸೀರಿ ಎಂದು ಊಟವಾಯಿತೇ ಎನ್ನುವ ಹಾಗೆ ಕೇಳಿದ. ಡ್ರೈವರ್ ನಯೀಮ ಇಳಿದು, ಇವರು ದವಾಖಾನಿ ಮಂದಿರಿ, ಹುಣ್ಣು ತೊಳಿಯಾಕ ಬಂದಾರ ಎಂದ. ಹೆಸರೇನು ನಿಂದು ಎಂದು ಕೇಳಿದರು. ನಯೀಮ ಹೆಸರು ಹೇಳಿದ. ಕಪಾಳಕ್ಕೆ ಒಂದು ಬಿತ್ತು. ಆಮೇಲೆ ಆ ಹುಡುಗ ಹಿಂದಿನ ಸೀಟಿಗೆ ಬಗ್ಗಿ ನೋಡಿ, "ನೀವು?" ಎಂದ. ಯಾರೂ ಅವಳ ಮೈಮೇಲೆ ಕೈಮಾಡಲಿಲ್ಲ, ಬೆದರಿಸಲೂ ಇಲ್ಲ. ಅದೊಂದನ್ನು ಅವಳು ಎಷ್ಟು ತಿದ್ದಿ ನೆನೆಯಲು ನೋಡಿದರೂ ಅದು ಹಾಗೆಯೇ ಉಳಿಯುತ್ತಿತ್ತು. ನೀವು ಎಂದು ಬಹುವಚನದಲ್ಲಿಯೇ ಕೇಳಿದ. ಅವಳ ಕೈ ಕುಪ್ಪಸದೊಳಗೆ ಹೋಗಿ ಕರಡಿಗೆಯನ್ನು ದಾರದ ಸಮೇತ ಹೊರಗೆಳೆದು ತೋರಿಸಿತು. "ನಾ ಇವರ ಜೋಡಿ ಅಲ್ರಿ. ದಾರ್ಯಾಗ ಕೈಮಾಡಿ ಹತ್ತೀನಿ. ಸುರಪುರಕ್ಕ ತಂಗಿ ಮನಿಗಿ ಹೊಂಟಿದ್ದೆ." ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಎಷ್ಟೋ ವರ್ಷದಿಂದ ಗಂಟಲಲ್ಲಿ ತಯಾರಾಗಿ ಕೂತಿದ್ದಂತೆ ಬಂತು. ಹುಡುಗ ಕರಡಿಗೆಯನ್ನು ಬಸ್ ಪಾಸು ನೋಡಿದಂತೆ ನೋಡಿ, ಇಳೀರಿ ಅವ್ವಾರ, ಇಂಥವರ ಗಾಡಿ ಹತ್ತಬ್ಯಾಡ್ರಿ ಎಂದು ಬಾಗಿಲು ತೆಗೆದ. ಒಬ್ಬ ಅವಳ ಚೀಲವನ್ನೂ ಕೆಳಗಿಳಿಸಿ ಕೊಟ್ಟ. ಚೀಲದಲ್ಲಿ ಬ್ಯಾಂಡೇಜು ಬಟ್ಟೆ, ಮುಲಾಮು ಇದ್ದವು. ಅವಳು ಅದನ್ನು ಹೊತ್ತುಕೊಂಡು ರಸ್ತೆಯವರೆಗೆ ಎರಡು ಕಿಲೋಮೀಟರು ನಡೆದಳು, ಹಿಂತಿರುಗಿ ನೋಡಲಿಲ್ಲ. ಸಿಸ್ಟರ್ ಸೆವ್ರಿನ್ ಅವರನ್ನೂ ನಯೀಮನನ್ನೂ ಅಗಸಿಯ ಕಟ್ಟೆಯ ಮೇಲೆ ಬಿಸಿಲಲ್ಲಿ ಪೊಲೀಸರು ಬರುವವರೆಗೆ, ಆರು ತಾಸು, ಕೂರಿಸಿದ್ದರು. ಮರುದಿನ ಅವಳು ಕೆಲಸಕ್ಕೆ ಹೋದಾಗ ಸಿಸ್ಟರ್, ಮುಖದ ಚರ್ಮ ಸುಲಿದಿದ್ದರೂ, ಎಂದಿನಂತೆ ರಿಜಿಸ್ಟರ್ ಮುಂದಿಟ್ಟು, ಇಂದು ಯಾವ ಊರು ಎಂದು ಕೇಳಿದರು. ಅಷ್ಟೇ. ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೆ ಅಳಬಹುದಿತ್ತು, ಕೆಲಸ ಬಿಡಿಸಿದ್ದರೆ ಸಿಟ್ಟಾಗಬಹುದಿತ್ತು. ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಆ ಹುಡುಗನ ಕಣ್ಣಿಂದ ತಾನೇ ಅದನ್ನು ನೋಡುತ್ತಿದ್ದೇನೆ ಎನಿಸುತ್ತಿತ್ತು. ವಿಭೂತಿ ಹಚ್ಚಿ, ಬೇಗ ಬೇಗ ನೀರೆರೆದು ಕಟ್ಟಿಬಿಡುತ್ತಿದ್ದಳು.

ಇಂದು ಹೇಳಿಬಿಡುವುದು ಎಂದು ನಿಶ್ಚಯಿಸಿದ್ದಳು. ಹಾಳೆ ಓದುವ ಮೊದಲೇ, ಸಿಸ್ಟರ್ ಸೆವ್ರಿನ್ ಅವರ ಕಾಲ ಬುಡದಲ್ಲಿ ಕೂತು, ನನ್ನ ಹೆಸರು ತೆಗೆದುಬಿಡಿ, ನಾನು ನಿಂತವಳಲ್ಲ, ಓಡಿದವಳು ಎಂದು ಹೇಳುವುದು. ಈ ಮಾತನ್ನು ಬಸ್ಸಿನಲ್ಲಿ ನಾಲ್ಕೈದು ಸಲ ಮನಸ್ಸಿನಲ್ಲಿಯೇ ಆಡಿ ನೋಡಿದಳು. ಆಡಿದ ಹಾಗೆಲ್ಲ ಅದರಲ್ಲಿ ತನ್ನ ಮುಖ ಸ್ವಲ್ಪ ಸುಂದರವಾಗುತ್ತ ಹೋಗುವುದನ್ನೂ ಗಮನಿಸಿ ಹೇಸಿಗೆಪಟ್ಟಳು.

ಸುರಪುರದ ಸೇವಾಕೇಂದ್ರದ ಅಂಗಳದಲ್ಲಿ ನಯೀಮ ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದ. ಐವತ್ತು ದಾಟಿದ ಮನುಷ್ಯ, ಗಡ್ಡಕ್ಕೆ ಮೆಹಂದಿ. ಜೀಪು ಪ್ರಾಂತ್ಯದ ಕಚೇರಿಗೆ ಮರಳಿ ಹೋಗುವುದರಿಂದ ಮುಂದಿನ ತಿಂಗಳಿಂದ ಅವನಿಗೆ ಕೆಲಸವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಹಭಾಗಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಹತ್ತನೇ ತರಗತಿಯಾದರೂ ಆಗಿರಬೇಕೆಂದು ನಿಯಮವಿತ್ತು.

"ಬರ್ರಿ ಅಕ್ಕಾರ. ನಿಮ್ಮ ಕುರ್ಚಿ ಮುಂದಿನ ಸಾಲಿನಾಗ ಅದ," ಎಂದ.

"ಸಿಸ್ಟರ್ ಎಲ್ಲ್ಯಾರ?"

"ಒಳಗ ಗಂಟು ಕಟ್ಟಾಕತ್ಯಾರ್ರಿ. ಹೋಗ್ರಿ, ಈಗ ಒಳಗ ಎಲ್ಲಾರೂ ಹೋಗಬಹುದಂತ."

ಅವಳು ಆ ಬಾಗಿಲನ್ನು ದಾಟಿದಳು. ಹದಿನೆಂಟು ವರ್ಷ ಆ ಕಡೆ ಏನೋ ಇದೆಯೆಂದುಕೊಂಡಿದ್ದಳು. ಸಿಮೆಂಟಿನ ನೆಲ, ಎರಡು ಕೋಣೆ, ಫಿನಾಯಿಲಿನ ವಾಸನೆ, ಗೋಡೆಯ ಮೇಲೆ ಕ್ಯಾಲೆಂಡರು. ಕಡೆಯ ಕೋಣೆಯಲ್ಲಿ ಸಿಸ್ಟರ್ ಸೆವ್ರಿನ್ ಮಂಚದ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಎಪ್ಪತ್ತೊಂದು ವರ್ಷ. ಮಂಚದ ಕೆಳಗೆ ಒಂದೇ ಒಂದು ಟ್ರಂಕು. ಅವರನ್ನು ಮಂಗಳೂರಿನ ಹತ್ತಿರ ವಯಸ್ಸಾದ ಭಗಿನಿಯರ ಮನೆಗೆ ಕಳುಹಿಸುವವರಿದ್ದರು.

"ಬನ್ನಿ ಗುರುದೇವಿ. ಹಾಳೆ ಬಾಯಿಪಾಠ ಆಯಿತಾ? ಅದರ ಕನ್ನಡ ಸ್ವಲ್ಪ ಕಷ್ಟ ಉಂಟು, ನಾನು ಹೇಳಿದ್ದೆ ಅವರಿಗೆ."

ಗುರುದೇವಿ ನೆಲದ ಮೇಲೆ ಕೂತಳು. ಎಣ್ಣೆಯ ಬಟ್ಟಲನ್ನು ತೆಗೆದುಕೊಂಡು ತಾನೇ ತಿಕ್ಕಬೇಕೆಂದುಕೊಂಡಳು, ಹಾಗೆ ಮಾಡಿದರೆ ನಾಟಕ ಮಾಡಿದಂತಾದೀತು ಎಂದು ಕೈ ಹಿಂದೆಗೆದುಕೊಂಡಳು.

"ಸಿಸ್ಟರ್, ನಿಮಗೊಂದು ಮಾತು ಹೇಳಬೇಕಾಗ್ಯದ್ರಿ. ಕೆಂಚನಹಾಳದಾಗ ಅವತ್ತ... ನಾ ನಿಮ್ಮ ಜೋಡಿ ಇಲ್ಲ ಅಂದೆ. ಲಿಂಗ ತೋರಿಸಿ ಇಳದು ಹೋದೆ. ನೀವು ಕೇಳಿಸ್ಕೊಂಡ್ರಿ."

"ಕೇಳಿಸಿತು."

"ಎರಡ ವರ್ಷ ಆತು. ನೀವು ಏನೂ ಅನಲಿಲ್ಲ."

ಸಿಸ್ಟರ್ ಎಣ್ಣೆಯ ಕೈಯನ್ನು ಹಳೆಯ ಟವೆಲ್ಲಿಗೆ ಒರೆಸಿಕೊಳ್ಳುತ್ತ ಅವಳನ್ನು ನೋಡಿದರು. ನಿಜವಾದ ಆಶ್ಚರ್ಯ ಅವರ ಮುಖದಲ್ಲಿತ್ತು. "ಅದಾ? ಅದನ್ನು ಇಷ್ಟು ದಿನ ಇಟ್ಟುಕೊಂಡು ಕೂತಿದ್ದೀರಾ? ಛೆ. ಅದರಲ್ಲಿ ಅನ್ನಲಿಕ್ಕೆ ಏನುಂಟು? ನೀವು ಬೇರೆ ಏನು ಮಾಡುವುದಿತ್ತು? ಸಂಜೆ ಪೊಲೀಸರು ಕೇಳಿದಾಗ ನಾನೂ ಅದನ್ನೇ ಬರೆದುಕೊಟ್ಟೆ. ಆ ಹೆಂಗಸು ನಮ್ಮವರಲ್ಲ, ದಾರಿಯಲ್ಲಿ ಹತ್ತಿಸಿಕೊಂಡದ್ದು ಅಂತ."

"ನೀವೂ ಬರದ್ರಿ?"

"ಮತ್ತೆ? ನಿಮ್ಮ ಹೆಸರು ಯಾಕೆ ಎಳೆಯುವುದು. ನಿಮಗೆ ಮನೆ ಉಂಟು, ಗಂಡ, ಅಂಗಡಿ." ಅವರು ಬಗ್ಗಿ ಅವಳ ಕೆನ್ನೆ ಮುಟ್ಟಿದರು, ಬೆರಳುಗಳಿಗೆ ನೀಲಗಿರಿ ಎಣ್ಣೆಯ ವಾಸನೆಯಿತ್ತು. "ನಮ್ಮದು ವ್ರತ, ಗುರುದೇವಿ. ನಾವು ಕೂರಬೇಕು ಬಿಸಿಲಲ್ಲಿ, ಅದಕ್ಕೇ ಬಂದವರು. ನಿಮ್ಮದು ಕೆಲಸ. ಕೆಲಸ ನೀವು ಚೆನ್ನಾಗಿ ಮಾಡಿದ್ದೀರಿ. ಅದಕ್ಕಿಂತ ಹೆಚ್ಚು ನಿಮ್ಮಿಂದ ನಾನು ಯಾವತ್ತೂ ಬಯಸಲಿಲ್ಲ. ಸಮಾಧಾನ ಆಯಿತಾ?"

ಅವಳು ತಲೆಯಾಡಿಸಿದಳು. ಹೊರಗೆ ಕಾರು ಬಂದ ಸದ್ದಾಯಿತು, ಮದರ್ ಬಂದರೆಂದು ಯಾರೋ ಓಡಿದರು. ಗುರುದೇವಿ ಮಂಚಕ್ಕೆ ಕೈಯೂರಿ ಎದ್ದಳು. ಎರಡು ವರ್ಷ ಅವಳು ಹೊತ್ತುಕೊಂಡಿದ್ದು ಈ ಮುದುಕಿಗೆ ಭಾರವೇ ಆಗಿರಲಿಲ್ಲ. ಕ್ಷಮಿಸುವುದಕ್ಕೂ ಅಲ್ಲಿ ಏನೂ ಇರಲಿಲ್ಲ, ಯಾಕೆಂದರೆ ಮುರಿಯುವುದಕ್ಕೆ ಏನಾದರೂ ಇದೆಯೆಂದು ಅವರು ತಿಳಿದಿರಲಿಲ್ಲ. ಅಗಸಿಯ ಮುಂದೆ ತಾನು ಆಡಿದ್ದು ಸುಳ್ಳೆಂದು ಇವಳು ಬೇಯುತ್ತಿದ್ದಾಗ, ಸಿಸ್ಟರ್ ಅದನ್ನು ನಿಜವೆಂದು ಸಹಿ ಮಾಡಿ ಕೊಟ್ಟಿದ್ದರು. ತನ್ನನ್ನು ಉಳಿಸಲು ಹಾಗೆ ಬರೆದರು ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು, ಬರೆಯುವಾಗ ಅವರ ಪೆನ್ನು ಒಂದು ಗಳಿಗೆಯಾದರೂ ನಿಂತಿತೇ ಎಂದು ಕೇಳುತ್ತಿತ್ತು. ನಿಂತಿರಲಾರದು. ನಮ್ಮವರಲ್ಲ ಎನ್ನುವಾಗ ಅವರ ದನಿ ಲೋಟವನ್ನು ಗೂಡಿನಲ್ಲಿ ಬೋರಲು ಹಾಕುವಷ್ಟೇ ಸಹಜವಾಗಿತ್ತು.

ಸಮಾರಂಭ ಒಂದು ತಾಸಿನದು. ಪ್ರಾಂತ್ಯದ ಮದರ್ ತೆಳ್ಳಗಿನ ಚುರುಕು ಹೆಂಗಸು, ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು: ಒಂದು ಮರ, ಅದರ ಬೇರುಗಳು ಭಗಿನಿಯರು, ಕೊಂಬೆಗಳು ಸಹಭಾಗಿಗಳು. ಇನ್ನು ಮುಂದೆ ನಾವು ನೀವು ಎಂಬ ಗೆರೆ ಇಲ್ಲ ಎಂದರು. ಆ ಮಾತು ಹೇಳುವಾಗ ಅವರು ಚಿತ್ರ ಬಿಟ್ಟು ಕೂತವರತ್ತ ತಿರುಗಿದರು. ಸುಳ್ಳಾಡುವ ಹೆಂಗಸಲ್ಲ ಎಂದು ಗುರುದೇವಿಗೆ ಅನಿಸಿತು, ಹಾಗೆ ಅನಿಸಿದ್ದರಿಂದ ಇನ್ನೂ ಕಷ್ಟವಾಯಿತು. ಪಕ್ಕದಲ್ಲಿ ಕೂತಿದ್ದ ಸಪ್ನಾ, ಔಷಧಿ ವಿಭಾಗದ ಹುಡುಗಿ, ಪಿಸುದನಿಯಲ್ಲಿ, "ಅಕ್ಕಾ, ನಮಗ ಸಿಸ್ಟರುಗಳ ಥರ ಸೀರಿ ಕೊಡ್ತಾರೇನ್ರಿ?" ಎಂದು ಕೇಳಿದಳು. ಗುರುದೇವಿಯ ಹೆಸರು ಕರೆದರು. ಅವಳು ಎದ್ದುಹೋಗಿ ಹಾಳೆಯನ್ನು ಹಿಡಿದು ಓದಿದಳು. ಮೂರನೆಯ ಸಾಲು ಬಂತು, ಹೋಯಿತು. ನಾಲಗೆ ಒಣಗಲಿಲ್ಲ. ಬಸ್ಸಿನಲ್ಲಿ ಆ ಸಾಲಿಗೆ ಹೆದರುವಷ್ಟು ಅದರ ಮೇಲೆ ನಂಬಿಕೆಯಿತ್ತು. ಈಗ ಅದು ಬ್ಯಾಂಕಿನ ಅರ್ಜಿಯ ಅಡಿಯಲ್ಲಿರುವ ಸಣ್ಣಕ್ಷರದ ಹಾಗಿತ್ತು. ಚಪ್ಪಾಳೆಯಾಯಿತು. ಸಿಸ್ಟರ್ ಸೆವ್ರಿನ್ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ಫೋಟೋ ತೆಗೆಯುವವನು, ಸಿಸ್ಟರುಗಳು ಕುರ್ಚಿಯ ಮೇಲೆ, ಉಳಿದವರು ಹಿಂದೆ ಎಂದ. ಮದರ್ ಕೂಡಲೇ ಎದ್ದು ಬೇಡ ಬೇಡ, ಎಲ್ಲ ಕಲೆತು ನಿಲ್ಲೋಣ ಎಂದರು. ಸ್ವಲ್ಪ ಗಲಿಬಿಲಿಯಾಗಿ, ಮಂಡಿ ನೋವಿನವರು ಕೂರಲೇಬೇಕಾದ್ದರಿಂದ, ಕೊನೆಗೆ ಸಿಸ್ಟರುಗಳು ಕುರ್ಚಿಯ ಮೇಲೆಯೂ ಉಳಿದವರು ಹಿಂದೆಯೂ ಆದರು. ಊಟಕ್ಕೆ ಒಳಗಿನ ಉದ್ದನೆಯ ಮೇಜು. ಗುರುದೇವಿಗೆ ಚಮಚ ಕೊಟ್ಟರು, ಅವಳು ಕೈಯಿಂದಲೇ ಉಂಡಳು; ಅವಳನ್ನು ನೋಡಿ ಮದರ್ ಕೂಡ ಚಮಚ ಬಿಟ್ಟು ಕೈಯಿಂದ ಉಣ್ಣತೊಡಗಿದರು, ಅನ್ನ ಬೆರಳುಸಂದಿಯಿಂದ ಜಾರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಯೀಮ ನೀರಿನ ಜಗ್ಗು ಹಿಡಿದು ನಿಂತಿದ್ದ.

ಮೂರು ಗಂಟೆಗೆ ಸಿಸ್ಟರ್ ಸೆವ್ರಿನ್ ಅವರನ್ನು ಮದರ್ ತಮ್ಮ ಕಾರಿನಲ್ಲಿ ಕರೆದುಕೊಂಡು ಯಾದಗಿರಿ ಸ್ಟೇಷನ್ನಿಗೆ ಹೊರಟರು. ಕಾರಿನ ಕಿಟಕಿಯಿಂದ ಸಿಸ್ಟರ್ ಒಬ್ಬೊಬ್ಬರ ಕೈ ಹಿಡಿದರು. ಗುರುದೇವಿಯ ಸರದಿ ಬಂದಾಗ, "ಕೆಂಚನಹಾಳದ ಯಂಕಮ್ಮನ ಎಡಗಾಲು ನೋಡಿಕೊಳ್ಳಿ. ಹುಣ್ಣು ಎಲುಬಿಗೆ ಇಳಿಯಬಾರದು," ಎಂದರು. ನಯೀಮ ಕಾರಿನ ಡಿಕ್ಕಿಯಲ್ಲಿ ಟ್ರಂಕಿಟ್ಟು ಬಾಗಿಲು ಹಾಕಿದ; ಅವನ ಕೈಯನ್ನು ಮಾತ್ರ ಸಿಸ್ಟರ್ ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಗುರುದೇವಿ ಅದನ್ನು ನೋಡಿದಳು. ಆರು ತಾಸು ಒಂದೇ ಕಟ್ಟೆಯ ಮೇಲೆ ಕೂತವರಿಬ್ಬರ ನಡುವೆ ಇದ್ದದ್ದಕ್ಕೆ ಯಾವ ಹಾಳೆಯೂ ಬೇಕಿರಲಿಲ್ಲ. ತನಗಾದದ್ದು ಮತ್ಸರವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಯೀಮ ಅವಳನ್ನು ಜೀಪಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಇಳಿಯುವ ಮುಂಚೆ ಅವಳು, "ನಯೀಮ, ಅವತ್ತ ನಾ ಹೋದದ್ದು..." ಎಂದಳು.

"ಛಲೋನ ಆತಲ್ರಿ ಅಕ್ಕಾರ," ಎಂದ ಅವನು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನೀವು ಕುಂತಿದ್ರ ನಮಗ ಇನ್ನಾ ತ್ರಾಸ ಆಗ್ತಿತ್ತು. ಹೆಣ್ಮಗಳು. ನಿಮ್ಮನ್ನ ನೋಡ್ಕೊಳ್ಳೋದಾ ಒಂದು ಕೆಲಸ ಆಗ್ತಿತ್ತು."

ಅವನಿಗೂ ಅದು ಅಷ್ಟೇ ಆಗಿತ್ತು. ಬಸ್ಸಿನಲ್ಲಿ ಶಹಾಪುರಕ್ಕೆ ಮರಳುವಾಗ ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಎಂಟು ಮಾಡಿ, ಕೊನೆಗೆ ಕಿಟಕಿಯ ಸಂದಿಗೆ ತುರುಕಿದಳು. ಮನೆಯಲ್ಲಿ ವಿಶ್ವಾರಾಧ್ಯ ಶಾಲಿನ ಮಾತೆತ್ತಲಿಲ್ಲ. ಆ ದಿನದ ಪ್ರಶ್ನೆಯನ್ನು ಅವನು ಮರೆತೇ ಬಿಟ್ಟಿದ್ದ.

ಮುಂದಿನ ಗುರುವಾರ ಅವಳು ಒಬ್ಬಳೇ ಕೆಂಚನಹಾಳಕ್ಕೆ ಹೋದಳು. ಎರಡು ವರ್ಷದಿಂದ ಏನಾದರೂ ನೆಪ ಹೇಳಿ ಸಪ್ನಾಳನ್ನು ಕಳಿಸುತ್ತಿದ್ದ ಊರು ಅದು. ಈಗ ನೆಪ ಕೇಳುವವರೇ ಇರಲಿಲ್ಲ. ರಸ್ತೆಯಲ್ಲಿ ಬಸ್ಸಿಳಿದು, ಚೀಲ ಹೊತ್ತು, ಎರಡು ಕಿಲೋಮೀಟರು ನಡೆದಳು. ಹತ್ತಿ ಬಿಡಿಸುವ ಹೆಂಗಸರು ಹೊಲದಿಂದ ತಲೆಯೆತ್ತಿ ನೋಡಿದರು. ಅಗಸಿಯ ಹತ್ತಿರ ಬಂದಾಗ ನಡಿಗೆ ನಿಧಾನವಾಯಿತು. ಏನಾದರೂ ಆಗಲಿ ಎಂದು ಅವಳು ಬಯಸಿದಳು, ಯಾರಾದರೂ ತಡೆಯಲಿ, ಈ ಸಲ ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲಿದ್ದ ನಡುವಯಸ್ಸಿನವನೊಬ್ಬ ಎದ್ದು ಬಂದು ಕೈಮುಗಿದ. ಪಂಚಾಯಿತಿ ಮೆಂಬರ್ ಅಂಬ್ರಪ್ಪ ಎಂದು ಪರಿಚಯ ಹೇಳಿಕೊಂಡ.

"ನೀವು ಬರ್ತೀರಂತ ದವಾಖಾನಿ ಆಶಾ ಬಾಯಿ ಹೇಳಿದ್ಳು. ಬರ್ರಿ ಅವ್ವಾರ. ಇನ್ನ ಬೇವಿನ ಗಿಡದ ಕೆಳಗ ಯಾಕ ಕೂಡ್ತೀರಿ? ಪಂಚಾಯ್ತಿ ಮಗ್ಗಲ ಕೋಲಿ ಖಾಲಿ ಅದ, ಝಾಡಿಸಿ ಇಟ್ಟೀನಿ. ಫ್ಯಾನೂ ಅದ."

"ಯಾಕ್ರಿ ಇಷ್ಟು ತ್ರಾಸ," ಎಂದಳು.

"ತ್ರಾಸ ಏನದರಿ. ಮೊದಲ ಆ ಸಿಸ್ಟರ್ ಬರಾಕತ್ತಾಗ ನಮ್ಮ ಹುಡುಗ್ರಿಗೆ ಡೌಟ್ ಇತ್ತು. ಈಗ ಹಂಗಿಲ್ಲ. ಅವತ್ತ ನೀವು ಲಿಂಗ ತಗದು ತೋರಿಸಿದ್ರಂತಲ್ಲ, ಹುಡುಗ್ರು ಈಗೂ ಅದಾ ಹೇಳ್ತಾರ. ನಮ್ಮೋರಾ ನಡಸಾಕತ್ರ ಯಾರು ಬ್ಯಾಡ ಅಂತಾರ? ಬೇಕಾದ್ರ ಒಂದು ಬೋರ್ಡ್ ಬರಸ್ತೀನಿ. ಆ ಸಿಸ್ಟರುಗಳ ಹೆಸರು ಮಾತ್ರ ಬ್ಯಾಡ್ರಿ. ಸುಮ್ಮನ ಯಾಕ."

ಈಗ ಹೇಳುವುದಿತ್ತು. ನಾನು ಅವರ ಜೊತೆಯವಳೇ, ಅವತ್ತು ಸುಳ್ಳು ಹೇಳಿದೆ ಎನ್ನುವುದಿತ್ತು. ಹೊಡೆಯುವವರು ಯಾರೂ ಇರಲಿಲ್ಲ. ಆದರೆ ಈ ಮಾತು ಈಗ ಯಾರ ಪರವಾಗಿ? ನಮ್ಮವರಲ್ಲ ಎಂದು ಪೊಲೀಸರಿಗೆ ಬರೆದುಕೊಟ್ಟವರು ಮಂಗಳೂರಿನಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಕೋಣೆಯೊಳಗೆ ನೆರಳಿತ್ತು, ಹದಿನಾಲ್ಕು ರೋಗಿಗಳಿದ್ದರು. "ಬೋರ್ಡ್ ಬ್ಯಾಡ್ರಿ," ಎಂದಳು. ಚೀಲ ಕೆಳಗಿಳಿಸಿ, "ಅವರ ಹೆಸರೂ ಬ್ಯಾಡ," ಎಂದಳು. ಅಂಬ್ರಪ್ಪ ಸಮಾಧಾನದಿಂದ ಚಹಾ ಹೇಳಲು ಹೋದ.

ಯಂಕಮ್ಮ ಎಲ್ಲರಿಗಿಂತ ಮೊದಲೇ ಬಂದು ಗೋಡೆಗೊರಗಿ ಕಾಲು ಚಾಚಿದ್ದಳು. ಮೂಗಿನ ತುದಿ ಕುಸಿದ, ಬೆರಳು ಮೊಟುಕಾದ ಮುದುಕಿ. ಕೂಲಿ ಮಾಡುವ ಮಗನ ಮನೆಯ ಹಿತ್ತಿಲಲ್ಲಿ ಬೇರೆ ಗುಡಿಸಲು. ಗುರುದೇವಿ ಬೋಗುಣಿಗೆ ನೀರು ತುಂಬಿ, ಎಡಗಾಲನ್ನು ನೆನೆಹಾಕಿ, ಹಳೆಯ ಬಟ್ಟೆ ಬಿಡಿಸಿದಳು. ಹುಣ್ಣಿನ ಸುತ್ತ ಚರ್ಮ ದಪ್ಪಗಟ್ಟಿತ್ತು. ಬ್ಲೇಡು ತೆಗೆದು ಅಂಚಿನಿಂದ ಕೆರೆಯತೊಡಗಿದಳು.

"ಸಿಸ್ಟರ್ ಬರಂಗಿಲ್ಲಂತ," ಎಂದಳು ಯಂಕಮ್ಮ.

"ಇಲ್ಲಬೇ. ಊರಿಗಿ ಹೋದ್ರು. ವಯಸ್ಸಾತು."

"ಅವತ್ತ ಆಕಿನ್ನ ಅಲ್ಲೇ ಕಟ್ಟಿ ಮ್ಯಾಲ ಕೂಡ್ಸಿದ್ರು. ನಾ ಚರಗಿ ತುಂಬಿ ನೀರು ಒಯ್ದೆ. ಕೊಡಗೊಡಲಿಲ್ಲ ಆ ಹುಡುಗ್ರು, ಹಾಟ್ಯಾಗೋಳು. ನಿನ್ನ ಕೈಯಾಂದು ಯಾರು ಕುಡೀತಾರಲೇ ಮುದುಕಿ ಅಂದ್ರು. ಆಕಿ ಎದ್ದು ಬಂದು ಇಸ್ಕೊಂಡು ಕುಡದ್ಳು." ಮುದುಕಿ ಬಾಗಿಲ ಹೊರಗೆ ನೋಡುತ್ತ ಹೇಳುತ್ತಿದ್ದಳು. ಆಮೇಲೆ ಮುಖ ಇತ್ತ ತಿರುಗಿಸಿದಳು. "ನೀ ಹೋದಿ."

ಗುರುದೇವಿ ಕೆರೆಯುತ್ತಲೇ ಇದ್ದಳು.

"ಚೀಲ ತಗೊಂಡು ಹೋದಿ. ನಾ ಗಿಡದ ಹಂತ್ಯಾಕ ನಿಂತು ನೋಡಿನಿ. ಒಮ್ಮೆರ ತಿರುಗಿ ನೋಡ್ತಿ ಅಂತ ಮಾಡಿದ್ದೆ. ಎಷ್ಟ ವರ್ಷ ಆಕಿ ಬೆನ್ನಿಗಿ ಇದ್ದೆವ್ವಾ ನೀನು."

ಎರಡು ವರ್ಷದಿಂದ ಈ ಮಾತಿಗಾಗಿ ಕಾದಿದ್ದಳು. ಅದನ್ನು ಯಾರಾದರೂ ಆಡಿದ ದಿನ ತಾನು ಹಗುರಾಗುತ್ತೇನೆಂದುಕೊಂಡಿದ್ದಳು. ಈಗ ಅದು ಬಂದಾಗ, ಮೈಯಲ್ಲೆಲ್ಲ ಬಿಸಿಯಾಗಿ ಏರಿದ್ದು ಸಿಟ್ಟು. ಈಕೆ ಯಾರು ಎಂದುಕೊಂಡಳು. ತೊಳೆಸಿಕೊಳ್ಳುವವಳು, ಮಗನೂ ಒಳಗೆ ಕರೆಯದವಳು, ಈಕೆಗೆ ನನ್ನ ಲೆಕ್ಕ ಕೇಳುವ ಹಕ್ಕೆಲ್ಲಿಂದ ಬಂತು ಎಂದು ಅವಳೊಳಗಿನ ಯಾರೋ, ಅತ್ತೆಯ ದನಿಯವಳು, ಕೇಳುತ್ತಿದ್ದಳು. ಕೈ ನಿಲ್ಲಲಿಲ್ಲ. ಒಮ್ಮೆ ತಗ್ಗಿ ನೋಡಿದಾಗ ಬ್ಲೇಡು ಸತ್ತ ಚರ್ಮವನ್ನು ದಾಟಿ ಕೆಂಪಿನಲ್ಲಿತ್ತು. ರಕ್ತ ಅಂಗಾಲಿನಿಂದ ಬೋಗುಣಿಯ ನೀರಿಗೆ ಎಳೆಯಾಗಿ ಇಳಿಯುತ್ತಿತ್ತು. ಆ ಕಾಲಿಗೆ ಸ್ಪರ್ಶ ಹೋಗಿ ಎಷ್ಟೋ ವರ್ಷವಾಗಿತ್ತು. ಯಂಕಮ್ಮ ಮತ್ತೆ ಹೊರಗೆ ನೋಡುತ್ತ, ಅವತ್ತಿನ ಬಿಸಿಲು ಎಂಥದಿತ್ತೆಂದು ಪಕ್ಕದವನಿಗೆ ಹೇಳುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಗುರುದೇವಿಯ ಕೈ ಇಷ್ಟು ಆಳಕ್ಕೆ ಹೋಗಿರಲಿಲ್ಲ. ಅವಳು ಹತ್ತಿ ತೆಗೆದು ಒತ್ತಿದಳು, ಅದು ತೊಯ್ದಾಗ ಇನ್ನೊಂದು ಒತ್ತಿದಳು, ಮುಲಾಮು ತುಂಬಿ ಬಟ್ಟೆ ಸುತ್ತತೊಡಗಿದಳು. ಬೋಗುಣಿಯನ್ನು ಕಾಲಿನಿಂದ ಚೀಲದ ಮರೆಗೆ ಸರಿಸಿದಳು.

ಅಂಬ್ರಪ್ಪ ಚಹಾದ ಕಪ್ಪುಗಳೊಂದಿಗೆ ಬಾಗಿಲಿಗೆ ಬಂದ. "ಏನಬೇ ಯಂಕಮ್ಮ, ಹೊಸ ಡಾಕ್ಟರವ್ವ ಹೆಂಗದಾಳ? ನೋಸ್ತೇನು?"

"ಇಲ್ಲಪ್ಪ," ಎಂದಳು ಯಂಕಮ್ಮ. "ಈಕಿ ಕೈ ಮೊದಲಿಂದಾನೂ ಮೆತ್ತಗ."

ಗುರುದೇವಿ ಬಟ್ಟೆಯ ತುದಿಗೆ ಗಂಟು ಹಾಕಿ, ಅದರ ಮೇಲೆ ಇನ್ನೊಂದು ಸುತ್ತು ಸುತ್ತಿ, ಕೈ ತೊಳೆದುಕೊಂಡಳು. ಅಂಬ್ರಪ್ಪ ಮೊದಲ ಕಪ್ಪನ್ನು ಅವಳಿಗೇ ಕೊಟ್ಟ. ಅವಳು ಅದನ್ನು ತೆಗೆದುಕೊಂಡು ಕುಡಿದು, ಮುಂದಿನವರು ಬರ್ರಿ ಎಂದಳು.